ಕಾರ್ಖಾನೆ ಮಂಡಳಿಯ ಕೈಗೆ ಬಂತು, ಸಾಲದ ಕೀಲಿಕೈ ಬರಲಿಲ್ಲ

ಪ್ರಶ್ನೆ: ಸಮಾಜವಾದದಲ್ಲಿ ಕಾರ್ಖಾನೆಯನ್ನು ಕಾರ್ಮಿಕರೇ ನಡೆಸಬೇಕು ಎಂದು ಓದಿದ್ದೇನೆ. ಆದರೆ ಬಂದ ಆದಾಯವನ್ನು ಸಂಬಳವಾಗಿ ಹಂಚಿಕೊಳ್ಳುವ ಅಧಿಕಾರ ಸಿಕ್ಕವರು ಹೊಸ ಯಂತ್ರಕ್ಕೆಂದು ಹಣ ಏಕೆ ಎತ್ತಿಡುತ್ತಾರೆ? ಸೋವಿಯತ್ ಒಕ್ಕೂಟ ಈ ಕಾರಣಕ್ಕೇ ಕಾರ್ಮಿಕರ ಆಡಳಿತವನ್ನು ಕೈಬಿಟ್ಟಿತೇ? ಯುಗೋಸ್ಲಾವಿಯ ಅದನ್ನು ಮಾಡಿ ನೋಡಿ ಸೋತಿತಲ್ಲವೇ?

ಉತ್ತರ: ಇದು ಮೂರು ಪ್ರಶ್ನೆಗಳ ಗಂಟು. ಸೋವಿಯತ್ ಒಕ್ಕೂಟದ ಎಳೆಯನ್ನು ಬೇಗ ಬಿಡಿಸಬಹುದು. ಸ್ಲೊವೇನಿಯ, ಕ್ರೊಯೇಷಿಯ, ಬೋಸ್ನಿಯ, ಸೆರ್ಬಿಯ ಮುಂತಾದ ಗಣರಾಜ್ಯಗಳ ಒಕ್ಕೂಟವಾಗಿದ್ದು ಮುಂದೆ ಒಡೆದುಹೋದ ಯುಗೋಸ್ಲಾವಿಯದ ಎಳೆಗೆ ಹೊತ್ತು ಬೇಕು. ಏಕೆಂದರೆ ಕಾರ್ಮಿಕರ ಸ್ವಯಂ ಆಡಳಿತವನ್ನು ಇಡೀ ದೇಶದ ಕಾನೂನಾಗಿ ಮಾಡಿ ಸುಮಾರು ನಲವತ್ತು ವರ್ಷ ನಡೆಸಿದ ದೇಶ ಅದೊಂದೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಮಿಕರು ನಡೆಸಿದರೆ ಉದ್ಯಮ ಹಿಂದೆ ಬೀಳುತ್ತದೆ ಎಂಬ ಮಾತಿಗೆ ಯುಗೋಸ್ಲಾವಿಯದ ಇತಿಹಾಸ ಸಾಕ್ಷಿ ಹೇಳುವುದಿಲ್ಲ. ಅಲ್ಲಿ ಕಾರ್ಖಾನೆಯೊಳಗಿನ ಅಧಿಕಾರದ ಒಂದು ಪಾಲು ನಿಜವಾಗಿಯೂ ಕಾರ್ಮಿಕರಿಗೆ ಬಂತು. ಆದರೆ ಬಂಡವಾಳ ಎಲ್ಲಿಂದ ಬರಬೇಕು, ಎಷ್ಟು ಬಡ್ಡಿಗೆ ಬರಬೇಕು, ಮುಳುಗಿದರೆ ಯಾರು ತೆರಬೇಕು ಎಂಬ ಮಾತುಗಳು ಕಾರ್ಮಿಕರು ಆರಿಸಿದ ಮಂಡಳಿಯ ಮೇಜಿನ ಮೇಲೆ ಬರಲೇ ಇಲ್ಲ. ಸೋಲಿನ ಬೇರು ಅಲ್ಲಿದೆ.

ರಷ್ಯದಲ್ಲಿ 1917ರ ಕ್ರಾಂತಿಯಾಗಿ ಮೂರು ವಾರ ಕಳೆಯುವುದರೊಳಗೆ ಕಾರ್ಮಿಕರ ನಿಯಂತ್ರಣದ ಆಜ್ಞೆ ಹೊರಬಿತ್ತು. ಕಾರ್ಖಾನೆ ಸಮಿತಿಗಳಿಗೆ ಲೆಕ್ಕದ ಪುಸ್ತಕ ನೋಡುವ, ಮಾಲೀಕರೂ ಪಾಲಿಸಲೇಬೇಕಾದ ತೀರ್ಮಾನ ಕೈಗೊಳ್ಳುವ ಹಕ್ಕು ಸಿಕ್ಕಿತು. ಐದು ತಿಂಗಳಲ್ಲಿ ಗಾಳಿ ಬದಲಾಯಿತು. 1918ರ ಏಪ್ರಿಲ್ ಹೊತ್ತಿಗೆ ಲೆನಿನ್, ಕೆಲಸದ ಹೊತ್ತಿನಲ್ಲಿ ಒಬ್ಬನ ಮಾತಿಗೆ ಎಲ್ಲರೂ ತಲೆಬಾಗಬೇಕು ಎಂದು ವಾದಿಸುತ್ತಿದ್ದರು. ಆಗ ರೈಲು ನಿಂತಿತ್ತು, ಕಲ್ಲಿದ್ದಲು ಇರಲಿಲ್ಲ, ನಗರಗಳಲ್ಲಿ ಬ್ರೆಡ್ ಇರಲಿಲ್ಲ, ಹಸಿದ ಕಾರ್ಮಿಕರು ಹಳ್ಳಿಗಳಿಗೆ ಮರಳುತ್ತಿದ್ದರು. ಇದನ್ನೆಲ್ಲ ಮರೆತು ಲೆನಿನ್‌ರನ್ನು ದೂರುವುದು ಅನ್ಯಾಯ. ಆದರೆ ಅಂತರ್ಯುದ್ಧ ಗೆದ್ದ ಮೇಲೂ ಅಧಿಕಾರ ಕೆಳಗೆ ಮರಳಲಿಲ್ಲ ಎಂಬುದನ್ನೂ ಮರೆಯಬಾರದು. ಪಕ್ಷದೊಳಗಿನ ಅಲೆಕ್ಸಾಂಡ್ರಾ ಕೊಲ್ಲಂತಾಯ್ ಮತ್ತು ಲೋಹ ಕಾರ್ಮಿಕರಾಗಿದ್ದ ಶ್ಲ್ಯಾಪ್ನಿಕೋವ್ ಅವರ ಬಣ, ಉದ್ಯಮದ ಆಡಳಿತವನ್ನು ಉತ್ಪಾದಕರ ಸಂಘಟನೆಗಳಿಗೆ ಕೊಡಿ ಎಂದು ಕೇಳಿತು. 1921ರ ಮಾರ್ಚ್‌ನಲ್ಲಿ ಪಕ್ಷದ ಹತ್ತನೆಯ ಮಹಾಧಿವೇಶನ ಆ ಬೇಡಿಕೆಯನ್ನು ತಳ್ಳಿಹಾಕಿದ್ದಲ್ಲದೆ ಪಕ್ಷದೊಳಗೆ ಬಣ ಕಟ್ಟುವುದನ್ನೇ ನಿಷೇಧಿಸಿತು. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಅಲ್ಲ. ಕಾರ್ಮಿಕರು ಹಣ ಎತ್ತಿಡುವುದಿಲ್ಲ ಎಂಬ ಅನುಭವದಿಂದ ಅಲ್ಲಿ ಅದನ್ನು ಕೈಬಿಟ್ಟದ್ದಲ್ಲ. ಆ ಅನುಭವ ಆಗುವಷ್ಟು ಕಾಲ ಅದು ನಡೆಯಲೇ ಇಲ್ಲ.

ಈಗ ಯುಗೋಸ್ಲಾವಿಯ. 1948ರ ಜೂನ್ 28ರಂದು, ಸೋವಿಯತ್ ಮುಂದಾಳತ್ವದ ಕಮ್ಯುನಿಸ್ಟ್ ಪಕ್ಷಗಳ ಕೂಟವಾದ ಕಾಮಿನ್‌ಫಾರ್ಮ್ ಯುಗೋಸ್ಲಾವಿಯದ ನಾಯಕ ಟಿಟೊ ಅವರ ಪಕ್ಷವನ್ನು ಹೊರಹಾಕಿತು. ಮರುವರ್ಷ ಪೂರ್ವ ಯುರೋಪಿನ ದೇಶಗಳು ವ್ಯಾಪಾರವನ್ನೂ ನಿಲ್ಲಿಸಿದವು. ಅಲ್ಲಿಯವರೆಗೆ ಯುಗೋಸ್ಲಾವಿಯ ಸ್ಟಾಲಿನ್ ಮಾದರಿಯನ್ನು ಅಕ್ಷರಶಃ ಅನುಸರಿಸುತ್ತಿದ್ದ ದೇಶ. ಗುರುವೇ ಹೊರಗಟ್ಟಿದ ಮೇಲೆ, ಹಾಗಾದರೆ ನಾವು ಯಾವ ಬಗೆಯ ಸಮಾಜವಾದಿಗಳು ಎಂಬ ಪ್ರಶ್ನೆಗೆ ನಾಯಕರು ಉತ್ತರ ಹುಡುಕಬೇಕಾಯಿತು. ಆ ನಾಯಕರಲ್ಲೊಬ್ಬರಾದ ಮಿಲೋವಾನ್ ಜಿಲಾಸ್ ತಮ್ಮ ನೆನಪುಗಳಲ್ಲಿ, 1950ರ ವಸಂತದಲ್ಲಿ ತಮ್ಮ ಮನೆಯ ಮುಂದೆ ನಿಂತ ಕಾರಿನಲ್ಲಿ ಕುಳಿತು ಸಹ ನಾಯಕರಾದ ಎಡ್ವರ್ಡ್ ಕಾರ್ಡೆಲ್ ಮತ್ತು ಬೋರಿಸ್ ಕಿಡ್ರಿಚ್ ಅವರಿಗೆ ಕಾರ್ಖಾನೆಯನ್ನು ಕಾರ್ಮಿಕರಿಗೇ ಒಪ್ಪಿಸುವ ಯೋಚನೆಯನ್ನು ತಾವು ಹೇಳಿದ್ದಾಗಿ ಬರೆದಿದ್ದಾರೆ. ಚೆಂದದ ಪ್ರಸಂಗ. ಆದರೆ ಕ್ರೊಯೇಷಿಯದ ಸ್ಪ್ಲಿಟ್ ನಗರದ ಪಕ್ಕದ ಸೋಲಿನ್‌ನಲ್ಲಿ, ಪ್ರ್ವೋಬೊರಾಟ್ಸ್ ಎಂಬ ಸಿಮೆಂಟ್ ಕಾರ್ಖಾನೆಯಲ್ಲಿ, ಮೊದಲ ಕಾರ್ಮಿಕರ ಮಂಡಳಿ ಆಯ್ಕೆಯಾದದ್ದು 1949ರ ಡಿಸೆಂಬರ್ 29ರಂದು. ಕಾರಿನಲ್ಲಿ ಮಾತು ನಡೆಯುವ ಮೊದಲೇ ಸಿಮೆಂಟ್ ಕಾರ್ಖಾನೆಯಲ್ಲಿ ಮತಪೆಟ್ಟಿಗೆ ಬಂದಾಗಿತ್ತು. ದೊಡ್ಡವರ ನೆನಪುಗಳಲ್ಲಿ ಕೆಳಗಿನವರ ದಿನಾಂಕಗಳು ಅಳಿಸಿಹೋಗುವುದು ಈ ಒಂದು ಕಡೆ ಮಾತ್ರ ಅಲ್ಲ. ಅದಕ್ಕೇ ಈ ದಿನಾಂಕವನ್ನು ಹೇಳುತ್ತಿದ್ದೇನೆ.

1950ರ ಜೂನ್ ಕೊನೆಯ ವಾರ ಸಂಸತ್ತು ಸ್ವಯಂ ಆಡಳಿತದ ಕಾನೂನನ್ನು ಅಂಗೀಕರಿಸಿತು. ಅದರ ಮೂಲ ರಚನೆ ಸರಳ. ಕಾರ್ಖಾನೆಯ ನೌಕರರೆಲ್ಲ ಗುಪ್ತ ಮತದಾನದಿಂದ 15ರಿಂದ 120 ಸದಸ್ಯರ ಮಂಡಳಿಯನ್ನು ಆರಿಸುತ್ತಾರೆ. ನೌಕರರು 30ಕ್ಕಿಂತ ಕಡಿಮೆಯಿದ್ದರೆ ಎಲ್ಲರೂ ಸೇರಿದ್ದೇ ಮಂಡಳಿ. ಮಂಡಳಿ ತನ್ನೊಳಗಿಂದ 3ರಿಂದ 11 ಜನರ ಆಡಳಿತ ಸಮಿತಿಯನ್ನು ಆರಿಸುತ್ತದೆ. ಆ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಜನ ಯಂತ್ರದ ಮುಂದೆ ನಿಲ್ಲುವವರೇ ಆಗಿರಬೇಕು. ಸಮಿತಿಗೆ ಬಂದ ಮೇಲೂ ತಮ್ಮ ಪಾಳಿಯ ಕೆಲಸ ಬಿಡುವಂತಿಲ್ಲ. ಸತತವಾಗಿ ಎರಡು ವರ್ಷಕ್ಕಿಂತ ಹೆಚ್ಚು ಯಾರೂ ಕೂರುವಂತಿಲ್ಲ. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿದ್ದು. ಇಂದು ಮಂಡಳಿಯಲ್ಲಿ ಕುಳಿತು ಉತ್ಪಾದನೆಯ ಗುರಿ ಗೊತ್ತುಮಾಡಿದವನು ನಾಳೆ ಅದೇ ಗುರಿಯ ಕೆಳಗೆ ಲೇತ್ ಯಂತ್ರ ತಿರುಗಿಸಬೇಕು. ನಿರ್ದೇಶಕನನ್ನು ಮಾತ್ರ ಆರಂಭದಲ್ಲಿ ಸರ್ಕಾರವೇ ನೇಮಿಸುತ್ತಿತ್ತು. ಮುಂದೆ ಮಂಡಳಿ ಮತ್ತು ಸ್ಥಳೀಯ ಆಡಳಿತ ಸೇರಿ ಆರಿಸುವ ಕ್ರಮ ಬಂದರೂ ಪಕ್ಷದ ಸ್ಥಳೀಯ ಸಮಿತಿಯ ಒಪ್ಪಿಗೆಯಿಲ್ಲದೆ ಯಾರೂ ಆ ಕುರ್ಚಿಗೆ ಬರುವುದು ಸುಲಭವಾಗಿರಲಿಲ್ಲ.

ಒಡೆತನದ ಮಾತನ್ನು ಇಲ್ಲಿ ಗಮನಿಸಿ. ಕಾರ್ಖಾನೆ ಸರ್ಕಾರದ್ದಲ್ಲ, ಕಾರ್ಮಿಕರದ್ದೂ ಅಲ್ಲ. ಅದು ಸಮಾಜದ್ದು. ಕಾರ್ಮಿಕರು ಅದನ್ನು ಬಳಸಬಹುದು, ಅದರಿಂದ ಬಂದ ಆದಾಯವನ್ನು ತೆರಿಗೆ ಕಳೆದು ಹಂಚಿಕೊಳ್ಳಬಹುದು. ಅದರ ಮೌಲ್ಯ ಕುಗ್ಗದಂತೆ ನೋಡಿಕೊಳ್ಳುವುದು ಅವರ ಕರ್ತವ್ಯ. ಮಾರಿ ಹಣ ಜೇಬಿಗಿಳಿಸುವ ಹಕ್ಕು ಇಲ್ಲ. ಕೇಳಲು ಉದಾತ್ತವಾಗಿರುವ ಈ ಮಾತಿನೊಳಗೇ ನಿಮ್ಮ ಮೊದಲ ಪ್ರಶ್ನೆ ಕುಳಿತಿದೆ.

ಒಂದು ಊಹೆಯ ಲೆಕ್ಕ ಮಾಡೋಣ. ಐದು ವರ್ಷದಲ್ಲಿ ನಿವೃತ್ತನಾಗುವ ಕಾರ್ಮಿಕನೊಬ್ಬನ ಪಾಲಿಗೆ ಈ ವರ್ಷ 100 ದಿನಾರ್ ಬರುತ್ತದೆ ಎಂದುಕೊಳ್ಳಿ. ಮನೆಗೆ ಒಯ್ದು ಶೇ 5ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ಐದು ವರ್ಷಕ್ಕೆ ಸರಳ ಬಡ್ಡಿಯಲ್ಲಿ 25 ದಿನಾರ್ ಬರುತ್ತದೆ, ಅಸಲೂ ಅವನದ್ದೇ, ಒಟ್ಟು 125. ಅದೇ 100 ದಿನಾರನ್ನು ಕಾರ್ಖಾನೆಯ ಹೊಸ ಯಂತ್ರಕ್ಕೆ ಹಾಕಿದರೆ? ಯಂತ್ರ ವರ್ಷಕ್ಕೆ ಶೇ 10ರ ಆದಾಯ ತಂದರೂ ಐದು ವರ್ಷಕ್ಕೆ 50 ದಿನಾರ್. ಅಸಲು ಕಾರ್ಖಾನೆಯಲ್ಲೇ ಉಳಿಯುತ್ತದೆ. ಗೇಟು ದಾಟಿ ಮನೆಗೆ ಹೋಗುವ ದಿನ ಅವನ ಹೆಸರಿನಲ್ಲಿ ಅಲ್ಲಿ ಏನೂ ಇರುವುದಿಲ್ಲ. ಎರಡೂ ಸಮವಾಗಬೇಕಾದರೆ ಯಂತ್ರ ವರ್ಷಕ್ಕೆ ಶೇ 25ರ ಆದಾಯ ತರಬೇಕು. ಹೀಗಿರುವಾಗ ಅವನು ಸಂಬಳಕ್ಕೆ ಕೈ ಎತ್ತುತ್ತಾನೋ, ಯಂತ್ರಕ್ಕೋ? ಎಯ್ರಿಕ್ ಫುರುಬೋಟ್ನ್ ಮತ್ತು ಸ್ವೆತೋಜಾರ್ ಪೇಯೋವಿಚ್ ಎಂಬ ಅರ್ಥಶಾಸ್ತ್ರಜ್ಞರು 1970ರ ಸುಮಾರಿಗೆ ಮುಂದಿಟ್ಟ ವಾದದ ತಿರುಳು ಇದು. ನೀವು ಕೇಳಿದ ಪ್ರಶ್ನೆಯೂ ಇದೇ. ತರ್ಕದಲ್ಲಿ ತಪ್ಪಿಲ್ಲ.

ಆದರೆ ನಡೆದದ್ದು ಬೇರೆ. ಯುಗೋಸ್ಲಾವಿಯ ಹಣ ತೊಡಗಿಸಲು ಹಿಂಜರಿದ ದೇಶವಲ್ಲ. ರಾಷ್ಟ್ರೀಯ ಉತ್ಪನ್ನದ ಮೂರರಲ್ಲೊಂದು ಪಾಲಿನಷ್ಟನ್ನು ಹೂಡಿಕೆಗೆ ಸುರಿದ ವರ್ಷಗಳು ಅಲ್ಲಿ ಸಾಲುಸಾಲಾಗಿವೆ. 1950ರ ದಶಕದ ಎರಡನೆಯ ಅರ್ಧದಲ್ಲಿ ಕೈಗಾರಿಕಾ ಉತ್ಪಾದನೆ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಬೆಳೆಯಿತು. ಐವತ್ತರ ದಶಕದ ಆರಂಭದಿಂದ ಎಪ್ಪತ್ತರ ದಶಕದ ಕೊನೆಯವರೆಗೆ ಇಡೀ ಅರ್ಥವ್ಯವಸ್ಥೆಯ ಬೆಳವಣಿಗೆ ವರ್ಷಕ್ಕೆ ಸರಾಸರಿ ಶೇ 6ರ ಸುತ್ತ ಇತ್ತು. 1948ರಲ್ಲಿ ಮೂರರಲ್ಲಿ ಎರಡು ಪಾಲು ಜನ ಬೇಸಾಯವನ್ನು ನಂಬಿದ್ದರು. 1981ರ ಜನಗಣತಿಯ ಹೊತ್ತಿಗೆ ಐದರಲ್ಲಿ ಒಂದು ಪಾಲು. ಒಂದೇ ತಲೆಮಾರಿನಲ್ಲಿ ನೇಗಿಲು ಬಿಟ್ಟವರ ಮಕ್ಕಳು ಲ್ಯುಬ್ಲ್ಯಾನಾದ ಲಿಟೊಸ್ಟ್ರೋಯ್‌ನಲ್ಲಿ ಟರ್ಬೈನ್, ಜಾಗ್ರೆಬ್‌ನ ರಾಡೆ ಕೊಂಚಾರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುತ್ತಿದ್ದರು. ಸರಾಯೆವೊದ ಎನೆರ್ಗೊಇನ್ವೆಸ್ಟ್ 1951ರಲ್ಲಿ ಹುಟ್ಟಿ ವಿದೇಶಗಳಲ್ಲಿ ವಿದ್ಯುತ್ ಮಾರ್ಗಗಳನ್ನು ಕಟ್ಟುವ ಮಟ್ಟಕ್ಕೆ ಬೆಳೆಯಿತು.

ಸೆರ್ಬಿಯದ ಕ್ರಾಗುಯೆವಾಟ್ಸ್‌ನ ಜಸ್ತಾವಾ ಕಾರ್ಖಾನೆಯ ಒಂದು ದಿನವನ್ನು ಹತ್ತಿರದಿಂದ ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿರಂಗಿ ಎರಕ ಹೊಯ್ಯುತ್ತಿದ್ದ ಜಾಗ ಅದು. 1953ರ ಆಗಸ್ಟ್‌ನಲ್ಲಿ ಅಲ್ಲಿನ ಕಾರ್ಮಿಕರ ಮುಂದೆ ಒಂದು ಪ್ರಶ್ನೆ ಬಂತು: ಕಾರ್ಖಾನೆಯ ಗಳಿಕೆಯನ್ನು ಹಂಚಿಕೊಳ್ಳೋಣವೇ, ಕಾರು ತಯಾರಿಸುವ ವಿಭಾಗಕ್ಕೆ ಹಾಕೋಣವೇ? ಶೇ 96ರಷ್ಟು ಮತ ಕಾರಿಗೆ ಬಿತ್ತು. ಮರುವರ್ಷ ಫಿಯೆಟ್ ಜೊತೆ ಪರವಾನಗಿ ಒಪ್ಪಂದವಾಯಿತು, 1955ರಲ್ಲಿ ಪುಟ್ಟ ಕಾರು ಹೊರಬರಲಾರಂಭಿಸಿತು. ಜನ ಅದನ್ನು ಮುದ್ದಿನಿಂದ ಫಿಚಾ ಎಂದು ಕರೆದರು. 1985ರವರೆಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಫಿಚಾಗಳು ಆ ಗೇಟಿನಿಂದ ಹೊರಟವು. ಆ 1953ರ ಮತದಾನವನ್ನು ಹಬ್ಬದ ಹೊತ್ತಿನ ಕೈ ಎತ್ತಾಟ ಎಂದು ಕಡೆಗಣಿಸುವವರಿದ್ದಾರೆ. ಸರ್ಕಾರದ ಬೆಂಬಲ ಹಿಂದಿತ್ತು, ಕಾರ್ಖಾನೆ ರಕ್ಷಣೆಗೂ ಬೇಕಾದದ್ದಾಗಿತ್ತು ಎಂಬುದೂ ನಿಜ. ಆದರೂ ಲೆಕ್ಕದಂತೆ ಸಂಬಳ ಆರಿಸಿಕೊಳ್ಳಬೇಕಾಗಿದ್ದವರು ಯಂತ್ರವನ್ನು ಆರಿಸಿಕೊಂಡರು. ಕಾರಣ ಕಷ್ಟದ್ದಲ್ಲ. ಕ್ರಾಗುಯೆವಾಟ್ಸ್‌ನಂಥ ಊರಿನಲ್ಲಿ ಕಾರ್ಖಾನೆಯೇ ಊರು. ನಿವೃತ್ತನಾಗುವವನ ಮಗ, ಸೊಸೆ, ತಮ್ಮನ ಮಕ್ಕಳು ಅದೇ ಗೇಟಿನೊಳಗೆ ಹೋಗುವವರು. ಅವನ ದೃಷ್ಟಿ ತನ್ನ ಐದು ವರ್ಷಕ್ಕೆ ನಿಲ್ಲಲಿಲ್ಲ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಕಾರ್ಮಿಕನಿಗೆ ಮನೆಯವರೇ ಇರುವುದಿಲ್ಲ.

ಇನ್ನೊಂದು ಹೆಸರಾಂತ ಲೆಕ್ಕವಿದೆ. ಅದನ್ನೂ ಹೇಳದೆ ಹೋಗಲಾರೆ. 1958ರಲ್ಲಿ ಬೆಂಜಮಿನ್ ವಾರ್ಡ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಇಲಿರಿಯ ಎಂಬ ಕಾಲ್ಪನಿಕ ದೇಶದ ಮೂಲಕ ಯುಗೋಸ್ಲಾವ್ ಕಾರ್ಖಾನೆಯನ್ನು ವಿವರಿಸಿದರು. ತಲಾ ಆದಾಯ ಹೆಚ್ಚಿಸುವುದೇ ಮಂಡಳಿಯ ಗುರಿಯಾದರೆ ಸರಕಿನ ಬೆಲೆ ಏರಿದಾಗ ಅದು ಉತ್ಪಾದನೆ ಹೆಚ್ಚಿಸುವ ಬದಲು ಜನರನ್ನು ಕಡಿಮೆ ಮಾಡುತ್ತದೆ ಎಂಬುದು ವಾದ. ನಂಬಲು ಕಷ್ಟವೆನಿಸಿದರೆ ಈ ಅಂಕಿಗಳನ್ನು ಕೂಡಿ ಕಳೆದು ನೋಡಿ. 100 ಜನ 1,000 ಪಂಪ್ ಮಾಡುತ್ತಾರೆ, 80 ಜನರಿದ್ದರೆ 900. ತಲೆಯೆಣಿಕೆಗೆ ಸಂಬಂಧವಿಲ್ಲದ ಖರ್ಚು 6,000. ಪಂಪಿಗೆ 10ರ ಬೆಲೆಯಿದ್ದಾಗ 100 ಜನರಿದ್ದರೆ ತಲಾ 40 ಸಿಗುತ್ತದೆ, 80 ಜನರಿದ್ದರೆ 37.50. ಹಾಗಾಗಿ 100 ಜನ ಇರುವುದೇ ಮೇಲು. ಬೆಲೆ 14ಕ್ಕೆ ಏರಲಿ. ಈಗ 100 ಜನರಿದ್ದರೆ ತಲಾ 80, 80 ಜನರಿದ್ದರೆ ತಲಾ 82.50. ಮಾರುಕಟ್ಟೆ ಹೆಚ್ಚು ಪಂಪ್ ಕೇಳುತ್ತಿರುವಾಗ ಮಂಡಳಿಗೆ ಇಪ್ಪತ್ತು ಜನರನ್ನು ಕಳುಹಿಸುವುದು ಲಾಭ!

ಯಾವ ಮಂಡಳಿಯೂ ಹೀಗೆ ಪಕ್ಕದ ಯಂತ್ರದವನನ್ನು ಹೊರಹಾಕುತ್ತಾ ಹೋಗಲಿಲ್ಲ. ನಿನ್ನೆ ಒಟ್ಟಿಗೆ ಊಟ ಮಾಡಿದವನ ಹೆಸರನ್ನು ಹೊಡೆದುಹಾಕಲು ಎರಡೂವರೆ ದಿನಾರ್ ಸಾಲದು. ಆದರೆ ವಾರ್ಡ್ ಅವರ ಲೆಕ್ಕದ ನೆರಳು ಬೇರೊಂದು ಕಡೆ ಬಿತ್ತು. ಇದ್ದವರನ್ನು ಹೊರಹಾಕಲಿಲ್ಲ, ಹೊಸಬರನ್ನು ಒಳಗೆ ಬಿಡಲಿಲ್ಲ. ಕಾರ್ಖಾನೆಗಳು ಹೆಚ್ಚು ಕೂಲಿಗಳ ಬದಲು ಹೆಚ್ಚು ಯಂತ್ರಗಳನ್ನು ತರಿಸಿಕೊಂಡವು. ಗೇಟಿನ ಹೊರಗಿದ್ದವನಿಗೆ ಮಂಡಳಿಯಲ್ಲಿ ಮತವಿರಲಿಲ್ಲ. ಎಪ್ಪತ್ತರ ದಶಕದ ಆರಂಭಕ್ಕೆ ಸುಮಾರು ಹತ್ತು ಲಕ್ಷ ಯುಗೋಸ್ಲಾವರು ಪಶ್ಚಿಮ ಜರ್ಮನಿ, ಆಸ್ಟ್ರಿಯ ಮುಂತಾದ ಕಡೆ ದುಡಿಯುತ್ತಿದ್ದರು. ಎಂಬತ್ತರ ದಶಕದ ಮಧ್ಯಕ್ಕೆ ನೋಂದಾಯಿತ ನಿರುದ್ಯೋಗಿಗಳೇ ಹತ್ತು ಲಕ್ಷ ಮುಟ್ಟಿದ್ದರು. ಸಮಾಜವಾದಿ ದೇಶವೊಂದು ತನ್ನ ದುಡಿಯುವ ಕೈಗಳನ್ನು ಬಂಡವಾಳಶಾಹಿ ದೇಶಗಳಿಗೆ ಕಳುಹಿಸಬೇಕಾಯಿತು. ಸ್ವಯಂ ಆಡಳಿತವನ್ನು ಮೆಚ್ಚುವ ನನ್ನಂಥವರು ಹೆಚ್ಚು ನೋವಿನಿಂದ ಒಪ್ಪಿಕೊಳ್ಳಬೇಕಾದ ಸಂಗತಿ ಇದು. ಒಳಗಿನವರ ಪ್ರಜಾಪ್ರಭುತ್ವದಲ್ಲಿ ಹೊರಗಿನವರಿಗೆ ಜಾಗವಿರಲಿಲ್ಲ.

ಒಳಗಿನವರಿಗಾದರೂ ಪೂರ್ತಿ ಇತ್ತೇ? ಯುಗೋಸ್ಲಾವ್ ಸಮಾಜಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಅಂಜದೆ ಕೇಳಿದರು. ಆ ಕಾಲದ ಬೇರೆ ಯಾವ ಸಮಾಜವಾದಿ ದೇಶದಲ್ಲೂ ಇದಕ್ಕೆ ಇಷ್ಟು ಅವಕಾಶವಿರಲಿಲ್ಲ. ಯೋಸಿಪ್ ಜುಪಾನೋವ್, ವೆಲ್ಕೊ ರುಸ್ ಮುಂತಾದವರು ಕಾರ್ಖಾನೆಗಳಿಗೆ ಹೋಗಿ, ಇಲ್ಲಿ ಯಾರ ಮಾತು ನಡೆಯುತ್ತದೆ ಎಂದು ವಿಚಾರಿಸಿದಾಗ ನಿರ್ದೇಶಕ ಮತ್ತು ತಜ್ಞರು ಮೇಲೆ, ಸಾಮಾನ್ಯ ಕಾರ್ಮಿಕರು ಕೆಳಗೆ ಎಂಬ ಉತ್ತರವೇ ಬರುತ್ತಿತ್ತು. ಯೋಸಿಪ್ ಒಬ್ರಾಡೋವಿಚ್ ಮಂಡಳಿಯ ಸಭೆಗಳಲ್ಲಿ ಯಾರು ಮಾತನಾಡುತ್ತಾರೆ ಎಂಬುದನ್ನು ಗಮನಿಸಿದರು. ತಂತ್ರಜ್ಞಾನ, ಹಣಕಾಸು, ಮಾರುಕಟ್ಟೆಯ ವಿಷಯ ಬಂದಾಗ ಎಂಜಿನಿಯರು, ಲೆಕ್ಕಿಗರು, ವಿಭಾಗದ ಮುಖ್ಯಸ್ಥರದ್ದೇ ಮಾತು. ಸಂಬಳ, ಮನೆ ಹಂಚಿಕೆ, ನೌಕರರ ಜಗಳಗಳ ವಿಷಯ ಬಂದಾಗ ಕಾರ್ಮಿಕರ ದನಿ ಏಳುತ್ತಿತ್ತು.

ಇದನ್ನು ಓದಿ, ನೋಡಿ, ಕಾರ್ಮಿಕರಿಗೆ ತಲೆಗೆ ಹತ್ತುವುದು ಸಂಬಳ ಮಾತ್ರ ಎನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಇಂಥ ಸಭೆಯನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಪಾಳಿ ಮುಗಿಸಿ, ಕೈಯ ಗ್ರೀಸ್ ಒರೆಸಿಕೊಂಡು ಬಂದವನ ಮುಂದೆ ನಲವತ್ತು ಪುಟದ ಹೂಡಿಕೆ ಪ್ರಸ್ತಾವವನ್ನು ಇಡಲಾಗಿದೆ. ಅದರ ಬಡ್ಡಿದರ ಬ್ಯಾಂಕಿನಲ್ಲಿ, ಆಮದು ಪರವಾನಗಿ ರಾಜಧಾನಿಯಲ್ಲಿ, ಸರಕಿನ ಬೆಲೆ ಸರ್ಕಾರದ ಬೆಲೆ ಕಚೇರಿಯಲ್ಲಿ ಆಗಲೇ ತೀರ್ಮಾನವಾಗಿದೆ. ಅವನ ಒಂದು ಮಾತಿನಿಂದ ಬದಲಾಗುವಂಥದ್ದು ಆ ನಲವತ್ತು ಪುಟಗಳಲ್ಲಿ ಇಲ್ಲ. ಪಕ್ಕದ ಕಡತದಲ್ಲಿರುವ ಮನೆ ಹಂಚಿಕೆಯ ಪಟ್ಟಿಯನ್ನು ಮಾತ್ರ ಅವನು ಬದಲಾಯಿಸಬಲ್ಲ. ತನ್ನ ಮಾತು ನಡೆಯುವ ಕಡೆ ಅವನು ಮಾತನಾಡಿದ. ಇದು ದಡ್ಡತನವಲ್ಲ, ಬುದ್ಧಿವಂತಿಕೆ.

ಸ್ಲೊವೇನಿಯದ ಟರ್ಬೋವ್ಲ್ಯೆ ಕಲ್ಲಿದ್ದಲು ಗಣಿಯಲ್ಲಿ ಈ ಕೊರತೆ ಎಲ್ಲಕ್ಕಿಂತ ಮೊದಲು ಬಯಲಾಯಿತು. ಕಾನೂನಿನ ಪ್ರಕಾರ ಗಣಿಗೆ ಗಣಿಗಾರರೇ ಆಡಳಿತಗಾರರು, ಅವರ ಸಂಬಳ ಗಣಿಯ ಆದಾಯದಿಂದ. ಆದರೆ ಕಲ್ಲಿದ್ದಲಿನ ಬೆಲೆಯನ್ನು ಕಟ್ಟಿಹಾಕಿದ್ದು ಸರ್ಕಾರ. ಉಳಿದ ಕೈಗಾರಿಕೆಗಳಿಗೆ ಇಂಧನ ಅಗ್ಗವಾಗಿ ಸಿಗಬೇಕಿತ್ತು. ಆ ಅಗ್ಗದ ಭಾರ ಭೂಮಿಯೊಳಗೆ ಇಳಿಯುವವರ ಮೇಲೆ ಬಿತ್ತು. 1958ರ ಜನವರಿಯಲ್ಲಿ ಸಾವಿರಾರು ಗಣಿಗಾರರು ಕೆಲಸ ನಿಲ್ಲಿಸಿದರು. ಅಕ್ಕಪಕ್ಕದ ಗಣಿಗಳಿಗೂ ಅದು ಹಬ್ಬಿತು. ಕಾರ್ಮಿಕರದ್ದೇ ಆಡಳಿತವಿರುವಾಗ ಅವರು ಯಾರ ವಿರುದ್ಧ ಮುಷ್ಕರ ಹೂಡುತ್ತಾರೆ? ಉತ್ತರ ಹೇಳುವುದು ಮುಜುಗರದ ಕೆಲಸವಾದ್ದರಿಂದ ಅಧಿಕೃತ ಭಾಷೆ ಮುಷ್ಕರ ಎಂಬ ಪದವನ್ನೇ ಬಿಟ್ಟು ಕೆಲಸದ ನಿಲುಗಡೆ ಎಂದಿತು. ಆ ಗಣಿಗಾರರು ತಮ್ಮ ಮಂಡಳಿಯ ವಿರುದ್ಧ ನಿಂತಿರಲಿಲ್ಲ. ಮಂಡಳಿಯ ಕೈಗೆಟುಕದ ಕಡೆ ತೀರ್ಮಾನಗಳನ್ನು ಮಾಡುತ್ತಿದ್ದವರ ವಿರುದ್ಧ ನಿಂತಿದ್ದರು.

1965ರ ಸುಧಾರಣೆ ಇದನ್ನು ಸರಿಪಡಿಸಲು ಹೊರಟಿತು. ಹೂಡಿಕೆಯ ಹಣವನ್ನು ಸರ್ಕಾರದ ನಿಧಿಗಳಿಂದ ಬಿಡಿಸಿ ಬ್ಯಾಂಕುಗಳಿಗೆ ಕೊಟ್ಟಿತು, ಕಾರ್ಖಾನೆಗಳಿಗೆ ಹೆಚ್ಚು ಆದಾಯ ಉಳಿಸಿತು, ಮಾರುಕಟ್ಟೆಗೆ ಬಾಗಿಲು ತೆರೆಯಿತು. ಒಳ್ಳೆಯ ಬೆಲೆ ಸಿಗುವ ಉದ್ಯಮದ ಗುಮಾಸ್ತನಿಗೆ ಒಂದು ಸಂಬಳ, ಬೆಲೆ ಸಿಗದ ಉದ್ಯಮದಲ್ಲಿ ಅದೇ ಕೆಲಸ ಮಾಡುವವನಿಗೆ ಇನ್ನೊಂದು ಸಂಬಳ ಎಂಬ ಅಂತರ ಬೆಳೆಯಿತು. ಸಿರಿವಂತ ಸ್ಲೊವೇನಿಯಕ್ಕೂ ಬಡ ಕೊಸೊವೊಗೂ ನಡುವಿನ ಕಂದರ ಕಿರಿದಾಗುವ ಬದಲು ಅಗಲವಾಯಿತು. 1968ರ ಜೂನ್‌ನಲ್ಲಿ ಬೆಲ್‌ಗ್ರೇಡ್‌ನ ವಿದ್ಯಾರ್ಥಿಗಳು ಕೆಂಪು ಬೂರ್ಜ್ವಾಗಳು (ಸಮಾಜವಾದದ ಹೆಸರಿನಲ್ಲಿ ಸಿರಿವಂತರಾದವರು) ತೊಲಗಲಿ ಎಂದು ಕೂಗಿದ್ದು ಈ ಹಿನ್ನೆಲೆಯಲ್ಲಿ. ಅವರ ಸಿಟ್ಟು ಸ್ವಯಂ ಆಡಳಿತದ ಮೇಲಲ್ಲ. ಅದು ಸಾಲದು ಎಂಬುದರ ಮೇಲೆ.

ಪಕ್ಷದ ಉತ್ತರ ಮಾತ್ರ ವಿಚಿತ್ರವಾಗಿತ್ತು. ನಿರ್ದೇಶಕರು ಮತ್ತು ಬ್ಯಾಂಕಿನವರು ಬಲಿತಿದ್ದಾರೆ, ಹಾಗಾಗಿ ಕಾರ್ಖಾನೆಯನ್ನೇ ತುಂಡು ಮಾಡೋಣ ಎಂದಿತು. 1974ರ ಸಂವಿಧಾನಕ್ಕೆ 406 ವಿಧಿಗಳು, 1976ರ ಸಂಯೋಜಿತ ಶ್ರಮದ ಕಾನೂನಿಗೆ 671. ಅದರಂತೆ ಕಾರ್ಖಾನೆಯ ಪ್ರತಿ ವಿಭಾಗ ತನ್ನದೇ ಮಂಡಳಿ, ತನ್ನದೇ ಬ್ಯಾಂಕ್ ಖಾತೆ, ತನ್ನದೇ ಲೆಕ್ಕಪತ್ರವಿರುವ ಮೂಲ ಸಂಘಟನೆಯಾಗಬಹುದು. ಎರಕದ ವಿಭಾಗ ಒಂದು, ಯಂತ್ರಗಾರಿಕೆ ವಿಭಾಗ ಒಂದು, ಜೋಡಣೆ ಇನ್ನೊಂದು, ದುರಸ್ತಿ ಮತ್ತೊಂದು. ಒಬ್ಬರಿಂದ ಒಬ್ಬರಿಗೆ ಹೋಗುವ ಬಿಡಿಭಾಗದ ಬೆಲೆಗೂ ಒಪ್ಪಂದ ಬೇಕು. ಎರಕದಲ್ಲಿ ಬಿರುಕು ಕಂಡರೆ ಹಿಂದೆ ಫೋರ್‌ಮನ್ ಹೋಗಿ ನಾಲ್ಕು ಮಾತು ಆಡಿ ಸರಿಪಡಿಸುತ್ತಿದ್ದ. ಈಗ ನಷ್ಟ ಯಾವ ಸಂಘಟನೆಯ ಖಾತೆಗೆ ಎಂದು ಎರಡು ಮಂಡಳಿಗಳು ಪತ್ರ ಬರೆದುಕೊಳ್ಳಬೇಕು.

ಕೈಗಾರಿಕಾ ಪ್ರಗತಿಗೆ ಬಿದ್ದ ದೊಡ್ಡ ಪೆಟ್ಟು ಇದು ಎಂದು ನನ್ನ ಖಚಿತ ಅಭಿಪ್ರಾಯ. ಹೊಸ ಯಂತ್ರದ ಯೋಚನೆ ಹುಟ್ಟುವುದೇ ವಿನ್ಯಾಸದವನು, ಎರಕದವನು, ಜೋಡಿಸುವವನು ಒಂದು ಮೇಜಿನ ಸುತ್ತ ಕೂತಾಗ. ಆ ಮೇಜಿನ ನಡುವೆ ಕಾನೂನು ಗೋಡೆ ಕಟ್ಟಿತು. ಸಂಶೋಧನೆಯ ವಿಭಾಗಕ್ಕೆ ಹಣ ಕೊಡುವುದು ಬೇರೆ ವಿಭಾಗಗಳಿಗೆ ಬೇರೆಯವರ ಖರ್ಚಾಗಿ ಕಂಡಿತು. ಒಪ್ಪಂದಗಳನ್ನು ಬರೆಯಲು ವಕೀಲರು, ಬರೆದದ್ದನ್ನು ಕಾಯಲು ಗುಮಾಸ್ತರು ಹೆಚ್ಚಿದರು. ಕಾರ್ಮಿಕರ ಅಧಿಕಾರವನ್ನು ಹೆಚ್ಚಿಸುವ ಹೆಸರಿನಲ್ಲಿ ಬಂದ ಈ ಕಾನೂನನ್ನು ಕಾರ್ಮಿಕರು ಓದಿ ಅರ್ಥಮಾಡಿಕೊಳ್ಳುವಂತೆಯೇ ಇರಲಿಲ್ಲ.

ಈ ಹೊತ್ತಿಗೆ ಬಂಡವಾಳ ಎಲ್ಲಿಂದ ಬರುತ್ತಿತ್ತು? ಮೇಲೆ ಬಿಟ್ಟ ಒಗಟಿಗೆ ಉತ್ತರ ಇಲ್ಲಿದೆ. ಕಾರ್ಮಿಕರು ಉಳಿತಾಯ ಮಾಡುವುದಿಲ್ಲ ಎಂದು ಸಿದ್ಧಾಂತ ಹೇಳಿತು, ಆದರೂ ಹೂಡಿಕೆ ಉಕ್ಕಿ ಹರಿಯಿತು. ಏಕೆಂದರೆ ಅದು ಸಾಲದ ಹಣ. ಎಪ್ಪತ್ತರ ದಶಕದಲ್ಲಿ ಹಣದುಬ್ಬರ ಬಡ್ಡಿದರಕ್ಕಿಂತ ಮೇಲಿತ್ತು. ಅಂದರೆ ಸಾಲ ತೆಗೆದವನು ತೆಗೆದದ್ದಕ್ಕಿಂತ ಕಡಿಮೆ ಮೌಲ್ಯವನ್ನು ತೀರಿಸುತ್ತಿದ್ದ. ಇಂಥ ಸಾಲವನ್ನು ಬೇಡ ಎನ್ನುವ ಮಂಡಳಿ ಯಾವುದು? ಅದರ ಮೇಲೆ, ಬ್ಯಾಂಕುಗಳ ಸ್ಥಾಪಕ ಸದಸ್ಯರು ಆಯಾ ಪ್ರದೇಶದ ಕಾರ್ಖಾನೆಗಳೇ. ಸಾಲ ಕೇಳುವವನೇ ಸಾಲ ಕೊಡುವವರ ಸಭೆಯಲ್ಲೂ ಕುಳಿತಿದ್ದ. ಪ್ರತಿ ಪುರಸಭೆಗೆ ತನ್ನದೇ ಕಾರ್ಖಾನೆ, ಪ್ರತಿ ಗಣರಾಜ್ಯಕ್ಕೆ ತನ್ನದೇ ಉಕ್ಕಿನ ಸ್ಥಾವರ ಬೇಕಿತ್ತು. ಮುಳುಗಿದ ಕಾರ್ಖಾನೆ ಮುಚ್ಚುತ್ತಿರಲಿಲ್ಲ. ನಷ್ಟವನ್ನು ಬ್ಯಾಂಕು ನುಂಗುತ್ತಿತ್ತು, ಬ್ಯಾಂಕಿನ ನಷ್ಟವನ್ನು ನೋಟು ಮುದ್ರಣ ತುಂಬುತ್ತಿತ್ತು. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೊಶ್ ಕೊರ್ನೈ ಇದನ್ನು ಮೃದು ಬಜೆಟ್ ಎಂದು ಕರೆದರು. ಅವರು ನೋಡಿದ ಹಂಗೇರಿಯಲ್ಲಿ ಯುಗೋಸ್ಲಾವ್ ಬಗೆಯ ಸ್ವಯಂ ಆಡಳಿತ ಇರಲಿಲ್ಲ, ಆದರೆ ಈ ರೋಗ ಇತ್ತು. ಆದ್ದರಿಂದ ರೋಗದ ಮೂಲವನ್ನು ಮಂಡಳಿಗಳಲ್ಲಿ ಹುಡುಕುವುದು ತಪ್ಪು ಜಾಗದಲ್ಲಿ ಹುಡುಕಿದಂತೆ.

ಎಂಬತ್ತರ ದಶಕದ ಆರಂಭಕ್ಕೆ ದೇಶದ ವಿದೇಶಿ ಸಾಲ ಸುಮಾರು 20 ಶತಕೋಟಿ ಡಾಲರ್ ಆಗಿತ್ತು. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ಆಮದು ನಿಂತಿತು, ಬಿಡಿಭಾಗವಿಲ್ಲದೆ ಯಂತ್ರಗಳು ನಿಂತವು, ನಿಜ ಸಂಬಳ ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. 1987ರ ಆಗಸ್ಟ್‌ನಲ್ಲಿ ಬೋಸ್ನಿಯದ ವೆಲಿಕಾ ಕ್ಲಾದುಶಾ ಎಂಬ ಊರಿನ ಆಗ್ರೊಕೊಮೆರ್ಟ್ಸ್ ಎಂಬ ಆಹಾರ ಉದ್ಯಮದ ಹಗರಣ ಬಯಲಾಯಿತು. ಸಣ್ಣ ಕೃಷಿ ಸಹಕಾರಿಯಾಗಿ ಹುಟ್ಟಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದ ಅದು ಹಣದ ಆಸರೆಯಿಲ್ಲದ ಹುಂಡಿಗಳನ್ನು (ಮುಂದೆ ಹಣ ಕೊಡುತ್ತೇವೆಂಬ ಪತ್ರಗಳನ್ನು) ರಾಶಿರಾಶಿಯಾಗಿ ಬರೆದಿತ್ತು, ಹತ್ತಾರು ಬ್ಯಾಂಕುಗಳು ಅವನ್ನು ಒಪ್ಪಿಕೊಂಡಿದ್ದವು. ಆ ಹುಂಡಿಗಳನ್ನು ಬರೆಯಿರಿ ಎಂದು ಯಾವ ಕೋಳಿ ಸಾಕಣೆ ಕೆಲಸಗಾರ್ತಿಯೂ ಕೈ ಎತ್ತಿರಲಿಲ್ಲ. ಉದ್ಯಮ ಮುಗ್ಗರಿಸಿದಾಗ ಸಂಬಳ ನಿಂತದ್ದು ಮಾತ್ರ ಅವರದ್ದೇ.

ಸೋವಿಯತ್ ಒಕ್ಕೂಟವೂ ಕೊನೆಗೆ ಈ ದಾರಿಗೆ ಮರಳಿತು ಎಂಬುದನ್ನು ಸೇರಿಸಬೇಕು. 1987ರ ಉದ್ಯಮ ಕಾನೂನು ಕಾರ್ಮಿಕರಿಗೆ ನಿರ್ದೇಶಕರನ್ನು ಆರಿಸುವ ಹಕ್ಕು ಕೊಟ್ಟಿತು, ಶ್ರಮಿಕರ ಮಂಡಳಿಗಳನ್ನು ರಚಿಸಿತು. ನಷ್ಟದ ಹೊಣೆ ಮಾತ್ರ ಹಿಂದಿನಂತೆ ಖಜಾನೆಯದ್ದೇ. ಸಂಬಳ ಏರಿತು, ಅಂಗಡಿಯ ಕಪಾಟು ಖಾಲಿಯಾಯಿತು, 1990ರಲ್ಲಿ ಆ ಹಕ್ಕನ್ನು ಹಿಂತೆಗೆದುಕೊಂಡರು.

ನಿಮ್ಮ ಮೊದಲ ಪ್ರಶ್ನೆಗೆ ಬೇರೆ ಉತ್ತರ ಇರಲು ಸಾಧ್ಯವಿತ್ತೇ? ಇತ್ತು, ಅದೇ ಕಾಲದಲ್ಲೇ ಇತ್ತು. ಸಮಾಜವಾದಿ ದೇಶದಲ್ಲಿ ಅಲ್ಲ ಅಷ್ಟೆ. ಸ್ಪೇನಿನ ಬಾಸ್ಕ್ ನಾಡಿನ ಮೊಂಡ್ರಾಗೊನ್‌ನಲ್ಲಿ 1956ರಲ್ಲಿ ಆರಂಭವಾದ ಕಾರ್ಮಿಕ ಸಹಕಾರಿಗಳು ಪ್ರತಿ ಸದಸ್ಯನ ಹೆಸರಿನಲ್ಲಿ ಒಂದು ಬಂಡವಾಳ ಖಾತೆ ತೆರೆದವು. ಲಾಭದ ಒಂದು ಪಾಲು ಆ ಖಾತೆಗೆ ಹೋಗುತ್ತದೆ, ಕಾರ್ಖಾನೆಯಲ್ಲೇ ದುಡಿಯುತ್ತದೆ. ಸದಸ್ಯ ನಿವೃತ್ತನಾದಾಗ ಅವನಿಗೆ ಮರಳುತ್ತದೆ. ನಷ್ಟವಾದರೆ ಅದೇ ಖಾತೆಯಿಂದ ಕಳೆಯುತ್ತದೆ. ಮೇಲೆ ಲೆಕ್ಕ ಹಾಕಿದ ಕಾರ್ಮಿಕನ 100 ದಿನಾರ್ ಇಲ್ಲಿ ಗೇಟಿನೊಳಗೆ ಕಳೆದುಹೋಗುವುದಿಲ್ಲ. 1959ರಲ್ಲಿ ತಮ್ಮದೇ ಬ್ಯಾಂಕ್, 1974ರಲ್ಲಿ ತಮ್ಮದೇ ಸಂಶೋಧನಾ ಕೇಂದ್ರ ಕಟ್ಟಿಕೊಂಡರು. ಅದೂ ಪವಾಡವಲ್ಲ, ಅವರ ಗೃಹೋಪಯೋಗಿ ಉಪಕರಣಗಳ ದೊಡ್ಡ ಕಂಪನಿ ಫಾಗೋರ್ 2013ರಲ್ಲಿ ದಿವಾಳಿಯಾಯಿತು. ಆದರೆ ಅದು ದಿವಾಳಿಯಾಗಲು ಸಾಧ್ಯವಾಯಿತು ಎಂಬುದು, ಉಳಿದ ಸಹಕಾರಿಗಳು ಅಲ್ಲಿನ ಬಹಳಷ್ಟು ಜನರಿಗೆ ತಮ್ಮಲ್ಲಿ ಕೆಲಸ ಕೊಟ್ಟವು ಎಂಬುದು, ಎರಡೂ ಯುಗೋಸ್ಲಾವ್ ಕಾನೂನಿನ 671 ವಿಧಿಗಳಲ್ಲಿ ಇಲ್ಲದ್ದು.

ಮಂಡಳಿಗಳ ಕೊನೆಯ ಕಥೆಯನ್ನು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಕ್ರೊಯೇಷಿಯದ ವುಕೋವಾರ್ ಪಕ್ಕದ ಬೊರೊವೊದಲ್ಲಿ ಪಾದರಕ್ಷೆ ಮತ್ತು ಟೈರಿನ ಕಾರ್ಖಾನೆಯಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಕ್ರೊಯಾಟರು, ಸೆರ್ಬರು, ಹಂಗೇರಿಯನ್ನರು, ಎಲ್ಲರೂ. ಹಣದುಬ್ಬರ ಸಂಬಳವನ್ನು ತಿಂದುಹಾಕುತ್ತಿದ್ದ 1988ರ ಜುಲೈನಲ್ಲಿ ಅವರಲ್ಲಿ ಸಾವಿರಾರು ಜನ ಬೆಲ್‌ಗ್ರೇಡ್‌ಗೆ ಹೋಗಿ ಒಕ್ಕೂಟದ ಸಂಸತ್ತಿನ ಕಟ್ಟಡಕ್ಕೆ ನುಗ್ಗಿದರು. ಅವರು ಕೇಳಿದ್ದು ಬದುಕಲು ಸಾಲುವ ಸಂಬಳ. ಯಾರು ಯಾವ ಜನಾಂಗದವರು ಎಂಬ ಮಾತು ಅಲ್ಲಿ ಬರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಉದ್ಯಮ ಕಾನೂನು, ಕಾರ್ಖಾನೆಯ ಅಧಿಕಾರವನ್ನು ಬಂಡವಾಳ ಹಾಕಿದವರ ಕಡೆಗೆ ತಿರುಗಿಸಿತು. ಮಂಡಳಿಗಳು ಮೂಲೆಗೆ ಸರಿದವು. ಮೂರು ವರ್ಷಗಳ ನಂತರ, 1991ರ ಶರತ್ಕಾಲದಲ್ಲಿ, ವುಕೋವಾರ್ ಮುತ್ತಿಗೆಗೆ ಸಿಕ್ಕಿತು. ಸಂಸತ್ತಿಗೆ ಜೊತೆಯಾಗಿ ಹೋಗಿದ್ದವರ ಊರಿನ ಮೇಲೆ ಶೆಲ್‌ಗಳು ಬೀಳುತ್ತಿದ್ದಾಗ ಬೊರೊವೊ ಕಾರ್ಖಾನೆಯ ನೆಲಮಾಳಿಗೆಗಳಲ್ಲಿ ನೂರಾರು ಜನ ಅಡಗಿ ಕುಳಿತಿದ್ದರು.